ಹೌಸಿಂಗ್ ಬಿಚ್ಚದೆ ಹಲ್ಲು ಎಣಿಸುವವರು

ಮಂಡ್ಯದಿಂದ ಮದ್ದೂರಿಗೆ ಹಳೇ ರಸ್ತೆಯಲ್ಲೇ ಹೋಗಬೇಕು. ದಶಪಥ ಹತ್ತಿದರೆ ಈ ಗ್ಯಾರೇಜ್ ಷೆಡ್ಡುಗಳು ಕಣ್ಣಿಗೇ ಬೀಳುವುದಿಲ್ಲ. ತಗಡಿನ ಸೂರು, ಆಯಿಲ್ ಕುಡಿದು ಕಪ್ಪಾದ ನೆಲ, ಒಳಗೆ ಒಂದು ಹಿಂಗಾಲೆತ್ತಿ ನಿಂತ ಅಂಬಾಸಿಡರ್. ಉತ್ತರಪಾರದ ಕಾರ್ಖಾನೆ 2014ರಲ್ಲಿ ಈ ಕಾರು ಕಟ್ಟುವುದನ್ನು ನಿಲ್ಲಿಸಿತು. ಮಳವಳ್ಳಿ ಕಡೆಯಿಂದ ಬಂದ ಈ ಗಾಡಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಗಾಡಿಯ ಹಿಂದೆ ಗುಂಯ್ ಎನ್ನುವ ಸದ್ದು. ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರಗಳ ಜೋಡಿ, ಕ್ರೌನ್-ಪಿನಿಯನ್, ಸವೆದಿದೆ, ಬೇರೆ ಜೋಡಿ ಹಾಕಬೇಕು. ಆದರೆ ಯಾವ ಜೋಡಿ? ಆರ್‌ಸಿ ಪುಸ್ತಕದಲ್ಲಿ ಅದಿರುವುದಿಲ್ಲ. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಆ ಕುಲದ ಆಕ್ಸಲ್‌ಗಳಲ್ಲಿ 8 ಹಲ್ಲಿನ ಪಿನಿಯನ್‌ಗೆ 39 ಹಲ್ಲಿನ ಕ್ರೌನೂ ಉಂಟು, 9ಕ್ಕೆ 41ರದೂ ಉಂಟು. ಮೊದಲನೆಯದರ ಅನುಪಾತ 4.875, ಎರಡನೆಯದರದು ಸುಮಾರು 4.55. ಮೇಲಾಗಿ ಮೂವತ್ತು ವರ್ಷದಲ್ಲಿ ಯಾವ ಗುಜರಿಯ ಹೌಸಿಂಗ್ ಯಾವ ಗಾಡಿಗೆ ಕೂತಿದೆಯೋ!

ಮೇಸ್ತ್ರಿ ಮುಂದಿನ ಚಕ್ರಗಳಿಗೆ ಕಲ್ಲು ಕೊಡಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟರು. ಜಾಕಿ ಕೊಟ್ಟಿದ್ದು ಹಿಂದಿನ ಒಂದೇ ಚಕ್ರಕ್ಕೆ. ಟೈರಿನ ಮೇಲೊಂದು, ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ. ಇನ್ನೊಂದು ಚಕ್ರ ನೆಲದಲ್ಲಿ ಅಲ್ಲಾಡದೆ ನಿಂತಿರುವುದರಿಂದ, ಡಿಫರೆನ್ಷಿಯಲ್‌ನ ಗುಣವೇ ಹಾಗೆ, ಎತ್ತಿದ ಚಕ್ರ ಎರಡು ಸುತ್ತು ಬಂದರೆ ಒಳಗಿನ ಕ್ರೌನ್ ಒಂದೇ ಸುತ್ತು. ಕ್ರೌನಿನ ಒಂದು ಸುತ್ತಿಗೆ ಎರಡು ಜೋಡಿಗಳ ನಡುವೆ ಶಾಫ್ಟಿನಲ್ಲಿ ಕಾಣುವ ಅಂತರ ಸುಮಾರು ಮೂರನೇ ಒಂದು ಸುತ್ತು ಮಾತ್ರ, ಕಣ್ಣು ತಪ್ಪುತ್ತದೆ. ಅದಕ್ಕೇ ಚಕ್ರವನ್ನು ಇಪ್ಪತ್ತು ಸಲ ತಿರುಗಿಸುವುದು. ಶಾಫ್ಟ್ ನಲವತ್ತೆಂಟೂಮುಕ್ಕಾಲು ತಿರುಗಿದರೆ 39ರದು.

"ಎಷ್ಟ್ ಸುತ್ತಾಯ್ತ್ಲಾ ಮಗ?"

ಗಾಡಿಯಡಿಯಿಂದ ಹುಡುಗನ ದನಿ: "ನಲ್ವತ್ತೈದೂವರೆ ಅಣ್ಣ."

ಇದು 41ರದು. ಆಯಿಲ್ ಇಳಿಸಲಿಲ್ಲ, ಆಕ್ಸಲ್ ಎಳೆಯಲಿಲ್ಲ. ನನಗೆ ಹಿಡಿಸಿದ್ದು ಆ ವಿಚಿತ್ರವೆನಿಸುವ ಸಂಖ್ಯೆಗಳೇ. 9ಕ್ಕೂ 41ಕ್ಕೂ ಸಮಾನ ಭಾಜಕವಿಲ್ಲ. ಪಿನಿಯನ್ನಿನ ಒಂದು ಹಲ್ಲು ಕ್ರೌನಿನ 41 ಹಲ್ಲುಗಳನ್ನೂ ಮುಟ್ಟಿಬಂದ ಮೇಲೇ ಮೊದಲಿನದಕ್ಕೆ ಮರಳುವುದು. ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ.

ಜೀಪುಗಳ ಲೆಕ್ಕ ಇನ್ನೂ ಬಿಗಿ. ಯುದ್ಧಕಾಲದ ವಿಲ್ಲಿಸ್‌ಗೆ 8–39, ನಂತರದ ಸಿಜೆ ಮಾದರಿಗಳಲ್ಲಿ 8–43 ಬಂತು. ಮುಂದೊಂದು, ಹಿಂದೊಂದು ಕೂತರೆ ಫೋರ್‌ವೀಲ್ ಹಾಕಿದ ಕ್ಷಣ ಎರಡೂ ಆಕ್ಸಲ್ ಜಗಳಕ್ಕೆ ಬೀಳುತ್ತವೆ. ಹಳೇ ಜೀಪು ಕೊಳ್ಳುವವರು ಎರಡು ಕಡೆಯೂ ಎಣಿಸಿಯೇ ಅಡ್ವಾನ್ಸ್ ಕೊಡುವುದು ಒಳ್ಳೆಯದು. ಕೆಲವು ಜೀಪುಗಳಲ್ಲಿ ಹೌಸಿಂಗ್ ಬೋಲ್ಟಿನಡಿ ಹಲ್ಲಿನ ಸಂಖ್ಯೆಯ ಪುಟ್ಟ ತಗಡು ಇರುತ್ತದೆ. ಆಕ್ಸಲ್ ಒಳಗಿನ ಜೋಡಿ ಬದಲಾದರೂ ತಗಡು ಬದಲಾಗಿರುತ್ತದೆ ಎನ್ನುವಂತಿಲ್ಲ.

ಈ ಅಂಬಾಸಿಡರ್ ಹೌಸಿಂಗ್ ಮೇಲೂ ಯಾರೋ ಬಿಳಿ ಪೇಂಟಿನಲ್ಲಿ 39–8 ಎಂದು ಬರೆದಿದ್ದರು. ಹುಡುಗ ಪೆಟ್ರೋಲ್ ಬಟ್ಟೆಯಿಂದ ಅದನ್ನು ಉಜ್ಜಿ ಅಳಿಸಿ, 41–9 ಎಂದು ಬರೆದ.