ಸಿಗರೇಟು ಫ್ಯಾಕ್ಟರಿಯಿಂದ ಹುಟ್ಟಿದ ಶಾಲೆ

ನಮ್ಮ ಅಕ್ಕನ ಮಗಳಿಗೆ ಈಗ ಐದು ವರ್ಷ, ಯುಕೆಜಿ. ಕಳೆದ ಸೆಮಿಸ್ಟರ್ ರಜೆಯಲ್ಲಿ ಅವರ ಮನೆಗೆ ಹೋದಾಗ ರಾತ್ರಿ ಎಂಟು ಗಂಟೆಗೆ ಅವಳು ಇಂಗ್ಲಿಷಿನ 'ಬಿ' ಮತ್ತು 'ಡಿ' ಅಕ್ಷರಗಳನ್ನ ಒಂದೊಂದು ಪುಟ ತುಂಬಿಸ್ತಾ ಕೂತಿದ್ಲು. ಎರಡೂ ಉಲ್ಟಾಪಲ್ಟಾ ಆಗ್ತಿತ್ತು. ಅಕ್ಕ ರಬ್ಬರ್ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ಲು. ಕೊನೆಗೆ ಇಬ್ಬರಿಗೂ ಅಳು ಬಂತು.

ಅಕ್ಕ ಈಗ ಒಂದನೇ ಕ್ಲಾಸಿಗೆ ಬೇರೆ ಶಾಲೆ ಹುಡುಕ್ತಾ ಇದ್ದಾಳೆ. ಯಾರೋ ಅವಳಿಗೆ ವಾಲ್ಡಾರ್ಫ್ ಶಾಲೆ ಬಗ್ಗೆ ಹೇಳಿದ್ರಂತೆ. "ಅಲ್ಲಿ ಆರೇಳು ವರ್ಷ ಆಗೋವರೆಗೂ ಓದು ಬರಹ ಕಲಿಸೋದೇ ಇಲ್ವಂತೆ. ಬರೀ ಚಿತ್ರ, ಹಾಡು, ಹೆಣಿಗೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡಿ ಹೇಳು" ಅಂದ್ಲು. ಇಂಜಿನಿಯರಿಂಗಿಗೂ ಹೆಣಿಗೆಗೂ ಏನು ಸಂಬಂಧ ಅಂತ ಮೊದಲು ನಗು ಬಂತು. ಓದ್ತಾ ಹೋದ ಹಾಗೆ ಸಂಬಂಧ ಇದೆ ಅನ್ನಿಸ್ತು. ಅದಕ್ಕೇ ಈ ಲೇಖನ.

ಶುರುವಾಗಿದ್ದು ಹೇಗೆ?

1919. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ಕೆಲವೇ ತಿಂಗಳಾಗಿತ್ತು. ಸ್ಟುಟ್‌ಗಾರ್ಟ್ ನಗರದಲ್ಲಿ ವಾಲ್ಡಾರ್ಫ್-ಅಸ್ಟೋರಿಯಾ ಅನ್ನೋ ಸಿಗರೇಟು ಫ್ಯಾಕ್ಟರಿ ಇತ್ತು. ಅದರ ನಿರ್ದೇಶಕ ಎಮಿಲ್ ಮೋಲ್ಟ್. ಇವರು ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ತಮ್ಮ ಕೆಲಸಗಾರರ ಮುಂದೆ ಮಾತಾಡೋಕೆ ಕರೆಸಿದರು. ಅದಾದ ಮೇಲೆ ಆ ಕೆಲಸಗಾರರ ಮಕ್ಕಳಿಗೆ ಒಂದು ಶಾಲೆ ಮಾಡಿಕೊಡಿ ಅಂತ ಸ್ಟೈನರ್ ಅವರನ್ನೇ ಕೇಳಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 7ರಂದು ಶಾಲೆ ಶುರುವಾಯ್ತು. ಮೊದಲ ವರ್ಷ 256 ಮಕ್ಕಳು. ಫ್ಯಾಕ್ಟರಿಯ ಹೆಸರೇ ಶಾಲೆಗೂ ಬಂತು.

ಆಗಿನ ಜರ್ಮನಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಕೆಲಸಗಾರರ ಮಕ್ಕಳು ಕೆಲವೇ ವರ್ಷ ಓದಿ ಕೆಲಸಕ್ಕೆ ಸೇರ್ತಿದ್ರು, ದುಡ್ಡಿದ್ದವರ ಮಕ್ಕಳು ಬೇರೆ ಶಾಲೆಗೆ ಹೋಗ್ತಿದ್ರು. ಇಲ್ಲಿ ಹುಡುಗ ಹುಡುಗಿ, ಬಡವ ಶ್ರೀಮಂತ ಎಲ್ಲರೂ ಒಂದೇ ಬೆಂಚು. ಎಲ್ಲರಿಗೂ ಒಂದೇ ಪಾಠ. ಹುಡುಗರೂ ಹೆಣಿಗೆ ಕಲೀಬೇಕು, ಹುಡುಗಿಯರೂ ಮರಗೆಲಸ ಕಲೀಬೇಕು. ನಾಜಿ ಆಡಳಿತ 1938ರಲ್ಲಿ ಈ ಶಾಲೆಯನ್ನು ಮುಚ್ಚಿಸಿತು. ಯುದ್ಧ ಮುಗಿದ ಮೇಲೆ 1945ರಲ್ಲಿ ಮತ್ತೆ ತೆರೀತು. ಇವತ್ತು ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು ವಾಲ್ಡಾರ್ಫ್ ಶಾಲೆಗಳಿವೆ. ಬೆಂಗಳೂರಲ್ಲೂ ಇವೆ.

ನಮಗೆ ಇಷ್ಟ ಆಗೋ ವಿಷಯ ಇನ್ನೊಂದಿದೆ. ಸ್ಟೈನರ್ ಕೂಡ ಟೆಕ್ನಿಕಲ್ ಕಾಲೇಜಿನ ಸ್ಟೂಡೆಂಟ್! ಅವರಪ್ಪ ರೈಲ್ವೆ ನೌಕರರು. ಮಗ 1879ರಲ್ಲಿ ವಿಯೆನ್ನಾದ ತಾಂತ್ರಿಕ ಕಾಲೇಜಿಗೆ ಸೇರಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು. ಅಲ್ಲಿ ಡಿಗ್ರಿ ಮುಗಿಸಲಿಲ್ಲ. ಆಮೇಲೆ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ತಗೊಂಡ್ರು.

ಕೈ, ಹೃದಯ, ತಲೆ

ಸ್ಟೈನರ್ ಪ್ರಕಾರ ಮಗುವಿನ ಬೆಳವಣಿಗೆಯಲ್ಲಿ ಸುಮಾರು ಏಳೇಳು ವರ್ಷದ ಮೂರು ಹಂತ ಇವೆ. ಮೊದಲ ಏಳು ವರ್ಷ ಮಗು ಅನುಕರಣೆಯಿಂದ ಕಲಿಯುತ್ತೆ. ದೊಡ್ಡವರು ಗುಡಿಸಿದ್ರೆ ತಾನೂ ಗುಡಿಸುತ್ತೆ. ಅಲ್ಲಿ ಪಾಠ ಬೇಡ, ಆಟ ಮತ್ತು ಕೆಲಸ ಸಾಕು. ಏಳರಿಂದ ಹದಿನಾಲ್ಕರವರೆಗೆ ಕಲ್ಪನೆ ಮತ್ತು ಭಾವನೆಯ ಕಾಲ. ಈಗ ಕಥೆ, ಚಿತ್ರ, ಸಂಗೀತದ ಮೂಲಕ ಕಲೀಬೇಕು. ಹದಿನಾಲ್ಕರ ನಂತರ ತರ್ಕ. "ಯಾಕೆ? ಪ್ರೂಫ್ ಏನು?" ಅಂತ ಕೇಳೋ ಕಾಲ.

ಅಂದ್ರೆ ಮೊದಲು ಕೈ, ಆಮೇಲೆ ಹೃದಯ, ಆಮೇಲೆ ತಲೆ. ನಮ್ಮಲ್ಲಿ ಉಲ್ಟಾ. ಮೊದಲು ಡೆಫಿನಿಷನ್, ಆಮೇಲೆ ಡಯಾಗ್ರಾಮ್, ಟೈಮ್ ಇದ್ರೆ ಪ್ರಾಕ್ಟಿಕಲ್.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ, ನಂಗೂ ಇತ್ತು. ವಾಲ್ಡಾರ್ಫ್ ಅಂದ್ರೆ ಗಣಿತ ಕಡಿಮೆ ಮಾಡಿ ಡ್ರಾಯಿಂಗ್ ಪೀರಿಯಡ್ ಜಾಸ್ತಿ ಮಾಡೋದು ಅಂತ. ಹಾಗಲ್ಲ. ಅಲ್ಲಿ ಕಲೆ ಒಂದು ಪ್ರತ್ಯೇಕ ಸಬ್ಜೆಕ್ಟ್ ಮಾತ್ರ ಅಲ್ಲ, ಉಳಿದ ಸಬ್ಜೆಕ್ಟ್‌ಗಳನ್ನು ಕಲಿಸೋ ದಾರಿ.

ಉದಾಹರಣೆಗೆ ಅಕ್ಷರ. ಒಂದನೇ ಕ್ಲಾಸಿನ ಮೊದಲ ದಿನ ಮಕ್ಕಳು ಎಳೆಯೋದು ಎರಡೇ ಗೆರೆ: ಒಂದು ನೇರ, ಒಂದು ಬಾಗಿದ್ದು. ಯಾವ ಅಕ್ಷರ ಆದ್ರೂ ಇವೆರಡರಿಂದಲೇ ತಾನೇ ಆಗೋದು? ಆಮೇಲೆ ಟೀಚರ್ ಒಂದು ಕಥೆ ಹೇಳ್ತಾರೆ, ಕಥೆಯಲ್ಲಿ ಮೀನು ಬರುತ್ತೆ ಅಂದ್ಕೊಳ್ಳಿ. ಮಕ್ಕಳು ಮೀನಿನ ಚಿತ್ರ ಬಿಡಿಸ್ತಾರೆ. ಆ ಚಿತ್ರದಿಂದ ನಿಧಾನವಾಗಿ 'ಎಫ್' ಅಕ್ಷರ ಹೊರಗೆ ಬರುತ್ತೆ, ಯಾಕಂದ್ರೆ ಜರ್ಮನ್‌ನಲ್ಲೂ ಮೀನಿಗೆ 'ಫಿಶ್' ಅಂತಲೇ ಅನ್ನೋದು. ಇದು ಸ್ಟೈನರ್ ಅವರೇ ಟೀಚರ್‌ಗಳಿಗೆ ಕೊಟ್ಟ ಉದಾಹರಣೆ.

ಗಣಿತ ಇನ್ನೂ ಚೆನ್ನಾಗಿದೆ. ಒಂದು ವೃತ್ತ ಬರೆದು ಅದರ ಮೇಲೆ ಸಮ ಅಂತರದಲ್ಲಿ 0ಯಿಂದ 9ರವರೆಗೆ ಹತ್ತು ಚುಕ್ಕಿ ಇಡಿ. ಈಗ ನಾಲ್ಕರ ಮಗ್ಗಿ ಹೇಳಿ, ಪ್ರತಿ ಉತ್ತರದ ಕೊನೆಯ ಅಂಕಿ ಮಾತ್ರ ನೋಡಿ: 4, 8, 2, 6, 0. ಸೊನ್ನೆಯಿಂದ ಶುರು ಮಾಡಿ ಆ ಚುಕ್ಕಿಗಳನ್ನ ಅದೇ ಕ್ರಮದಲ್ಲಿ ಗೆರೆಯಿಂದ ಸೇರಿಸಿ. ಐದು ಮೂಲೆಯ ನಕ್ಷತ್ರ! ಮೂರರ ಮಗ್ಗಿಗೆ ಹತ್ತು ಮೂಲೆಯ ನಕ್ಷತ್ರ ಬರುತ್ತೆ. ಆರರ ಮಗ್ಗಿಗೆ ನಾಲ್ಕರದ್ದೇ ನಕ್ಷತ್ರ, ಆದ್ರೆ ಉಲ್ಟಾ ದಿಕ್ಕಿನಲ್ಲಿ. ಚಿಕ್ಕ ಕ್ಲಾಸಿನ ಮಕ್ಕಳು ಇದನ್ನ ಮರದ ಹಲಗೆ, ಮೊಳೆ, ದಾರ ಇಟ್ಕೊಂಡು ಮಾಡ್ತಾರೆ. ನಾನು ರಾತ್ರಿ ಹಾಸ್ಟೆಲ್‌ನಲ್ಲಿ ರಫ್ ಬುಕ್ಕಲ್ಲಿ ಒಂಬತ್ತರವರೆಗೂ ಬಿಡಿಸ್ದೆ. ಮಾಡ್ಯುಲೋ ಗಣಿತ ಹೋದ ಸೆಮಿಸ್ಟರ್ ಓದಿ ಪಾಸಾಗಿದ್ದೆ. ಕಣ್ಣಿಂದ ನೋಡಿದ್ದು ಅವತ್ತೇ.

ವಿಜ್ಞಾನದಲ್ಲೂ ಇದೇ ಕ್ರಮ. ಭೌತಶಾಸ್ತ್ರ ಆರನೇ ಕ್ಲಾಸಿನ ಹೊತ್ತಿಗೆ ಶುರುವಾಗುತ್ತೆ. ಮೊದಲ ದಿನ ಟೀಚರ್ ಪ್ರಯೋಗ ಮಾಡಿ ತೋರಿಸ್ತಾರೆ, ಮಕ್ಕಳು ಸುಮ್ಮನೆ ಗಮನಿಸ್ತಾರೆ, ಅಷ್ಟೆ. ಮರುದಿನ ಏನೇನು ಕಂಡ್ವಿ ಅಂತ ನೆನಪಿಸ್ಕೊಂಡು, ಅದರಿಂದ ನಿಯಮ ಹುಡುಕ್ತಾರೆ. ಬೆಳಿಗ್ಗೆ ಸುಮಾರು ಎರಡು ಗಂಟೆ ಒಂದೇ ವಿಷಯ, ಅದೂ ಮೂರ್ನಾಲ್ಕು ವಾರ ಸತತವಾಗಿ. ಪಠ್ಯಪುಸ್ತಕದ ಬದಲು ಮಕ್ಕಳು ತಮ್ಮ ಪುಸ್ತಕ ತಾವೇ ಬರೆದು, ಚಿತ್ರ ಹಾಕಿ ಮಾಡ್ಕೊಳ್ತಾರೆ. ಚಿಕ್ಕ ಕ್ಲಾಸುಗಳಲ್ಲಿ ಮಾರ್ಕ್ಸ್ ಬದಲು ಟೀಚರ್ ಪ್ರತಿ ಮಗುವಿನ ಬಗ್ಗೆ ಬರೆದ ವರದಿ ಇರುತ್ತೆ.

ಹಾಗಾದ್ರೆ ಎಲ್ಲಾ ಸರೀನಾ?

ಇಲ್ಲ. ಅಕ್ಕನಿಗೆ ಇದನ್ನೂ ಹೇಳಬೇಕಿತ್ತು. ಏಳು ವರ್ಷದ ಹಂತಗಳು ಬಂದಿರೋದು ಸ್ಟೈನರ್ ಅವರ 'ಆಂಥ್ರೊಪೊಸೊಫಿ' ಅನ್ನೋ ಆಧ್ಯಾತ್ಮಿಕ ದರ್ಶನದಿಂದ, ಲ್ಯಾಬಿನ ಪ್ರಯೋಗದಿಂದ ಅಲ್ಲ. ಅದರಲ್ಲಿ ಪುನರ್ಜನ್ಮದಂಥ ನಂಬಿಕೆಗಳೂ ಇವೆ. ಜನಾಂಗಗಳ ಬಗ್ಗೆ ಅವರು ಆಡಿದ ಕೆಲವು ಮಾತುಗಳನ್ನ ಇವತ್ತು ಒಪ್ಪೋಕೆ ಆಗಲ್ಲ. ಜರ್ಮನಿಯ ವಾಲ್ಡಾರ್ಫ್ ಶಾಲೆಗಳ ಒಕ್ಕೂಟವೇ 2007ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಘೋಷಣೆ ಹೊರಡಿಸಬೇಕಾಯ್ತು.

ತಡವಾಗಿ ಓದಲು ಕಲಿತ್ರೆ ಮಗು ಹಿಂದೆ ಬೀಳುತ್ತಾ? ಅಕ್ಕನ ದೊಡ್ಡ ಭಯ ಅದೇ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸಗ್ಗೇಟ್ ಮತ್ತು ಜೊತೆಗಾರರು ಐದಕ್ಕೇ ಓದು ಶುರು ಮಾಡಿದ ಮಕ್ಕಳನ್ನೂ, ಸ್ಟೈನರ್ ಶಾಲೆಗಳಲ್ಲಿ ಏಳಕ್ಕೆ ಶುರು ಮಾಡಿದವರನ್ನೂ ಹೋಲಿಸಿ ನೋಡಿದ್ರು. ಸುಮಾರು ಹನ್ನೊಂದನೇ ವಯಸ್ಸಿಗೆ ಓದೋ ಸಾಮರ್ಥ್ಯದಲ್ಲಿ ಇಬ್ಬರೂ ಸಮ ಆಗಿದ್ರು. ಇದರಿಂದ ವಾಲ್ಡಾರ್ಫ್ ಎಲ್ಲಾ ಶಾಲೆಗಿಂತ ಮೇಲು ಅಂತ ಸಾಬೀತಾಗಲ್ಲ. ಆದ್ರೆ ಐದಕ್ಕೇ ಶುರು ಮಾಡದಿದ್ರೆ ಕಥೆ ಮುಗೀತು ಅನ್ನೋ ಗಾಬರಿ ಬೇಡ ಅನ್ನೋಷ್ಟಂತೂ ಹೇಳಬಹುದು.

ಇನ್ನೊಂದು ಬೇಜಾರಿನ ವಿಷಯ ಫೀಸು. ಕೆಲಸಗಾರರ ಮಕ್ಕಳಿಗೆ ಅಂತ ಹುಟ್ಟಿದ ಶಾಲೆ ನಮ್ಮ ಕಡೆ ಖಾಸಗಿ ಶಾಲೆ ಆಗಿದೆ. ಫ್ಯಾಕ್ಟರಿ ಕೆಲಸಗಾರರೊಬ್ಬರು ಇವತ್ತು ಮಗುವನ್ನ ಸೇರಿಸೋದು ಸುಲಭ ಇಲ್ಲ.

ನಾನು ಯೋಚಿಸಿದ್ದು

ಫಸ್ಟ್ ಇಯರ್ ವರ್ಕ್‌ಶಾಪಲ್ಲಿ ಕಬ್ಬಿಣದ ತುಂಡನ್ನ ಅರದಿಂದ ಉಜ್ಜಿ ಉಜ್ಜಿ ವಿ-ಜಾಯಿಂಟ್ ಮಾಡಿದ್ದು ನೆನಪಿದ್ಯಾ? ಆಗ ಎಲ್ಲರೂ ಬೈಕೊಂಡ್ವಿ. ಆದ್ರೆ ಅರ್ಧ ಮಿಲಿಮೀಟರ್ ಅಂದ್ರೆ ಎಷ್ಟು ಅಂತ ನಂಗೆ ಮೊದಲ ಸಲ ಗೊತ್ತಾಗಿದ್ದು ಅಲ್ಲೇ, ಹದಿನೆಂಟನೇ ವಯಸ್ಸಲ್ಲಿ.

ಭಾಷೆ ವಿಷಯದಲ್ಲೂ ಹಾಗೇ. ನಾನು ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ನಂಗೆ ಬಂದಿದ್ದು ಅಕ್ಕನ ಮಗಳಿಗೆ ಬರ್ತಿರೋ ಹಾಗೆ, ಪುಟ ತುಂಬಿಸಿ. ಕನ್ನಡ ಬಂದಿದ್ದು ಅಜ್ಜಿಯ ಕಥೆಯಿಂದ, ಊಟ ಮಾಡ್ತಾ, ಅಕ್ಷರ ಬರೋಕೆ ಎಷ್ಟೋ ವರ್ಷ ಮೊದಲು. ಈಗಲೂ ನನ್ನ ಕನ್ನಡದಲ್ಲಿ ಕಾಗುಣಿತ ತಪ್ಪುತ್ತೆ, ಎಡಿಟರ್ ಅಣ್ಣನಿಗೆ ಚೆನ್ನಾಗಿ ಗೊತ್ತು. ಆದ್ರೆ ಮನಸ್ಸಲ್ಲಿರೋದನ್ನ ಹೇಳ್ಬೇಕು ಅಂದಾಗ ಬಾಯಿಗೆ ಬರೋದು ಅದೇ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಶಾಲೆ ಯಾವುದಾದ್ರೂ ಸರಿ, ಒಂದು ದಿನ ಕ್ಲಾಸಲ್ಲಿ ಕೂತು ನೋಡಿ ಬಾ. ಬೋರ್ಡು ನೋಡ್ಬೇಡ, ಮಕ್ಕಳ ಕೈ ಏನು ಮಾಡ್ತಿದೆ ಅಂತ ನೋಡು. ಅಲ್ಲೀವರೆಗೂ ರಾತ್ರಿ 'ಬಿ-ಡಿ' ಪುಟ ಸ್ವಲ್ಪ ಪಕ್ಕಕ್ಕಿಟ್ಟು ಒಂದು ಕಥೆ ಹೇಳು.

ಶಾಲೆ ಇನ್ನೂ ಡಿಸೈಡ್ ಆಗಿಲ್ಲ. ಕಥೆ ಮಾತ್ರ ಶುರುವಾಗಿದೆಯಂತೆ.