ಕಾರ್ಡ್ ಉಜ್ಜಿದ ಮೇಲೆ

ಹೈದರಾಬಾದಿನ ಕೊಂಡಾಪುರದಲ್ಲಿ ಕೆಲಸಕ್ಕಿರುವ ಧಾರವಾಡದ ಹುಡುಗಿಯೊಬ್ಬಳು ಅಲ್ಲಿನ ಅಂಗಡಿಯಲ್ಲಿ 1,500 ರೂಪಾಯಿಯ ಸೀರೆ ಆರಿಸಿ, ರೂಪೇ ಡೆಬಿಟ್ ಕಾರ್ಡ್ ಕೊಟ್ಟಳು ಎಂದುಕೊಳ್ಳೋಣ. ಅವಳ ಖಾತೆ ಊರಿನ ಶಾಖೆಯಲ್ಲಿದೆ, ಅಂಗಡಿಯವರ ಖಾತೆ ಬೇರೆಯೇ ಬ್ಯಾಂಕಿನಲ್ಲಿದೆ. ಅವಳು ಪಿನ್ ಒತ್ತಿ ಕೆಲವೇ ಕ್ಷಣಗಳಲ್ಲಿ ಮಷೀನಿನಿಂದ ಚೀಟಿ ಹೊರಬರುತ್ತದೆ. ಅಷ್ಟರಲ್ಲಿ ಒಂದು ರೂಪಾಯಿಯೂ ಅಂಗಡಿಯ ಖಾತೆಗೆ ಹೋಗಿರುವುದಿಲ್ಲ. ಹೋಗಿ ಬಂದದ್ದು ಒಂದು ಪ್ರಶ್ನೆ, ಒಂದು ಉತ್ತರ ಮಾತ್ರ.

ಪ್ರಶ್ನೆ ತಯಾರಾಗುವುದು ಕಾರ್ಡಿನ ಮೇಲಿನ ಹೊಂಬಣ್ಣದ ಚಿಪ್ಪಿನಲ್ಲಿ. ಅದು ಕಿರುಬೆರಳಿನ ಉಗುರಿನಷ್ಟಿರುವ ಪುಟ್ಟ ಕಂಪ್ಯೂಟರ್. ವಿದ್ಯುತ್ತನ್ನು ಮಷೀನಿನಿಂದಲೇ ಪಡೆಯುತ್ತದೆ. ಅದರೊಳಗೆ ಒಂದು ಗುಪ್ತ ಕೀಲಿ, ಅಂದರೆ ದೊಡ್ಡದೊಂದು ಸಂಖ್ಯೆ ಇರುತ್ತದೆ. ಆ ಕೀಲಿ ಚಿಪ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಮಷೀನು ಮೊತ್ತವನ್ನೂ ದಿನಾಂಕವನ್ನೂ ತಾನು ಆಗಷ್ಟೇ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನೂ ಚಿಪ್ಪಿಗೆ ಕೊಡುತ್ತದೆ. ಇದು ತನ್ನ ಎಷ್ಟನೆಯ ವ್ಯವಹಾರ ಎಂಬ ಎಣಿಕೆಯನ್ನು ಚಿಪ್ ಅದಕ್ಕೆ ಸೇರಿಸಿ, ಎಲ್ಲವನ್ನೂ ಕೀಲಿಯೊಂದಿಗೆ ಹೆಣೆದು, ಎಂಟು ಬೈಟ್‌ಗಳ ಒಂದು ಮುದ್ರೆ ಕೊಡುತ್ತದೆ. ನಡುದಾರಿಯಲ್ಲಿ ಯಾರಾದರೂ 1,500 ಅನ್ನು 15,000 ಮಾಡಿದರೆ ಮುದ್ರೆ ತಾಳೆಯಾಗುವುದಿಲ್ಲ. ಇವತ್ತಿನ ಮುದ್ರೆಯನ್ನು ಕದ್ದು ನಾಳೆ ಮತ್ತೆ ಕಳಿಸಿದರೆ ಎಣಿಕೆಯೇ ಕಳ್ಳತನ ಹೇಳುತ್ತದೆ. ಹಳೆಯ ಕಪ್ಪು ಪಟ್ಟಿಯ ಕಾರ್ಡುಗಳು ಪ್ರತಿಸಲವೂ ಅದೇ ಮಾಹಿತಿಯನ್ನು ಒಪ್ಪಿಸುತ್ತಿದ್ದವು, ಅದಕ್ಕೇ ಅವನ್ನು ನಕಲು ಮಾಡುವುದು ಸುಲಭವಾಗಿತ್ತು. 2018ರ ಕೊನೆಯೊಳಗೆ ಅವುಗಳ ಬದಲು ಚಿಪ್ ಕಾರ್ಡ್ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿದ್ದು ಈ ಕಾರಣಕ್ಕೆ.

ಪಿನ್‌ನದು ಬೇರೆ ಎಚ್ಚರಿಕೆ. ಒತ್ತಿದ ನಾಲ್ಕು ಅಂಕೆ ಕೀಲಿಮಣೆಯೊಳಗೇ ಗೂಢಲಿಪಿಯಾಗುತ್ತದೆ. ಅಂಗಡಿಯವರಿಗೂ ಅವರ ಬ್ಯಾಂಕಿನ ಸಿಬ್ಬಂದಿಗೂ ಅದು ಕಾಣುವುದಿಲ್ಲ. ಕೀಲಿಗಳನ್ನು ಕಾಯಲೆಂದೇ ಬ್ಯಾಂಕುಗಳಲ್ಲಿ ಎಚ್‌ಎಸ್‌ಎಂ ಎಂಬ ಪೆಟ್ಟಿಗೆಗಳಿವೆ. ಅಂಥ ಪೆಟ್ಟಿಗೆಯನ್ನು ಬಲವಂತವಾಗಿ ಬಿಚ್ಚಲು ಹೋದರೆ ಒಳಗಿನ ಕೀಲಿಗಳನ್ನು ಅದು ತಾನೇ ಅಳಿಸಿಹಾಕುತ್ತದೆ.

ಇಷ್ಟೆಲ್ಲ ಹೊತ್ತ ಸಂದೇಶ ಮೊದಲು ಅಂಗಡಿಯ ಬ್ಯಾಂಕಿಗೆ, ಅಲ್ಲಿಂದ ನಡುವಿನ ಜಾಲಕ್ಕೆ ಹೋಗುತ್ತದೆ. ರೂಪೇ, ವೀಸಾ, ಮಾಸ್ಟರ್‌ಕಾರ್ಡ್ ಎಂಬವು ಇಂಥ ಜಾಲಗಳು. ಜಾಲದ ಹೃದಯವನ್ನು ‘ಸ್ವಿಚ್’ ಎನ್ನುತ್ತಾರೆ. ಕಾರ್ಡ್ ಸಂಖ್ಯೆಯ ಮೊದಲ ಆರರಿಂದ ಎಂಟು ಅಂಕೆ ಓದಿ, ಇದು ಯಾವ ಬ್ಯಾಂಕಿನ ಕಾರ್ಡ್ ಎಂದು ತಿಳಿದು, ಸಂದೇಶವನ್ನು ಅಲ್ಲಿಗೆ ತಿರುಗಿಸುವುದು ಅದರ ಕೆಲಸ. ಹುಡುಗಿಯ ಬ್ಯಾಂಕು ತನ್ನಲ್ಲಿರುವ ಕೀಲಿಯಿಂದ ಮುದ್ರೆಯನ್ನು ಮತ್ತೆ ಲೆಕ್ಕಹಾಕಿ ತಾಳೆ ನೋಡುತ್ತದೆ, ಪಿನ್ ನೋಡುತ್ತದೆ, ಶಿಲ್ಕು ನೋಡುತ್ತದೆ. ಉತ್ತರ ಎರಡೇ ಅಂಕೆ: 00 ಎಂದರೆ ಒಪ್ಪಿಗೆ, 51 ಎಂದರೆ ಹಣ ಸಾಲದು, 55 ಎಂದರೆ ಪಿನ್ ತಪ್ಪು. ಉತ್ತರ ದಾರಿಯಲ್ಲಿ ಕಳೆದುಹೋದರೆ, ಹಿಡಿದ ಹಣ ಬಿಡಿ ಎಂದು ಹೇಳುವ ಇನ್ನೊಂದು ಸಂದೇಶ ಹೊರಡುತ್ತದೆ.

ಹಣ ಕೈ ಬದಲಾಯಿಸುವುದು ಆಮೇಲೆ. ಯಾವ ಬ್ಯಾಂಕು ಯಾವುದಕ್ಕೆ ಎಷ್ಟು ಕೊಡಬೇಕು, ಎಷ್ಟು ಬರಬೇಕು ಎಂಬ ಲಕ್ಷಾಂತರ ಬಾಬ್ತುಗಳನ್ನು ಜಾಲವು ಒಂದಕ್ಕೊಂದು ವಜಾ ಮಾಡಿ, ಪ್ರತಿ ಬ್ಯಾಂಕಿಗೂ ಒಂದೇ ನಿವ್ವಳ ಮೊತ್ತ ತೆಗೆಯುತ್ತದೆ. ರೂಪೇ ಲೆಕ್ಕವಾದರೆ ಅದು ಚುಕ್ತಾ ಆಗುವುದು ರಿಸರ್ವ್ ಬ್ಯಾಂಕಿನಲ್ಲಿರುವ ಬ್ಯಾಂಕುಗಳ ಖಾತೆಗಳಲ್ಲಿ. ಈ ಸೇವೆಗೆ ಅಂಗಡಿಯವರು ತೆರುವ ಶುಲ್ಕವೇ ಎಂಡಿಆರ್. ಡೆಬಿಟ್ ಕಾರ್ಡಿಗೆ 2018ರ ಜನವರಿಯಿಂದ ಅದರ ಮಿತಿ ಸಣ್ಣ ವ್ಯಾಪಾರಿಗೆ ಶೇ. 0.40, ಉಳಿದವರಿಗೆ ಶೇ. 0.90. ರೂಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಅದೂ ಇಲ್ಲ.

ಇಂಥ ಸ್ವಿಚ್ಚೊಂದನ್ನು ಕಟ್ಟಿ ನಡೆಸಿದ ಹಿರಿಮೆ ಹೈದರಾಬಾದಿಗೇ ಇದೆ. ರಿಸರ್ವ್ ಬ್ಯಾಂಕ್ 1996ರಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ ಇಲ್ಲಿನ ಮಾಸಾಬ್ ಟ್ಯಾಂಕ್‌ನಲ್ಲಿದೆ. ಎಟಿಎಂಗಳನ್ನು ಬೆಸೆಯುವ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಅನ್ನು 2004ರ ಆಗಸ್ಟ್ 27ರಂದು ಅದು ಶುರುಮಾಡಿತು. ಮೊದಲು ಸೇರಿದ್ದು ಮೂರೇ ಬ್ಯಾಂಕು. ಅವುಗಳಲ್ಲೊಂದು, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ನಮ್ಮ ಕಾರ್ಪೊರೇಷನ್ ಬ್ಯಾಂಕ್. 2009ರ ಡಿಸೆಂಬರಿನಲ್ಲಿ ಆ ಸ್ವಿಚ್ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐ ಕೈಗೆ ಬಂತು. ಎನ್‌ಪಿಸಿಐ 2012ರಲ್ಲಿ ರೂಪೇ ತಂದಿತು. ಪರವೂರಿನ ಎಟಿಎಂನಲ್ಲಿ ಇವತ್ತು ಸಲೀಸಾಗಿ ಹಣ ತೆಗೆಯುವವರು ಈ ಕೆಲಸವನ್ನು ನೆನೆಯಬೇಕು.

ಇವೆಲ್ಲಕ್ಕೂ ಕಾವಲು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ. ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಇಲ್ಲಿ ಯಾರೂ ಜಾಲ ನಡೆಸುವಂತಿಲ್ಲ. ಪಾವತಿಯ ಮಾಹಿತಿಯನ್ನು ಭಾರತದಲ್ಲೇ ಇಡಬೇಕೆಂದು 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಪಾಲಿಸಲಿಲ್ಲವೆಂದು 2021ರಲ್ಲಿ ಮಾಸ್ಟರ್‌ಕಾರ್ಡ್ ಹೊಸ ಗ್ರಾಹಕರನ್ನು ಸೇರಿಸದಂತೆ ತಡೆಯಿತು, ಮರುವರ್ಷ ಜೂನಿನಲ್ಲಿ ತಡೆ ತೆರವಾಯಿತು. ಆನ್‌ಲೈನ್ ಅಂಗಡಿಗಳು 2022ರ ಅಕ್ಟೋಬರ್ 1ರಿಂದ ನಮ್ಮ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಬದಲಿಗೆ ‘ಟೋಕನ್’ ಎಂಬ ಬದಲಿ ಸಂಖ್ಯೆ ಬಳಸಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಸಾಮಾನ್ಯ ಗ್ರಾಹಕನಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ.

ಖಾತೆಯಿಂದ ಹಣ ಹೋಗಿ ಅಂಗಡಿಗೆ ಒಪ್ಪಿಗೆ ಬರದಿದ್ದರೆ, ಐದು ದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು. ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರವಿದೆ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರು ಹಣ ಲಪಟಾಯಿಸಿದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟ ಹೊರಿಸುವಂತಿಲ್ಲ ಎನ್ನುತ್ತದೆ ಅದರದೇ 2017ರ ಜುಲೈ 6ರ ಆದೇಶ. ಕಾರ್ಡ್ ಹಿಂಬದಿಯಲ್ಲಿರುವ ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಾರ್ಡ್ ಕಳೆದ ದಿನ ಆ ಸಂಖ್ಯೆಯೂ ಅದರೊಂದಿಗೇ ಹೋಗಿರುತ್ತದೆ.