ಹಸಿದ ಎತ್ತು, ಹಿಂದಿರುಗಿದ ಸೇನೆ

ಬೆಂಗಳೂರಿನ ಪೇಟೆಯಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ಟೋಲ್‌ಗೇಟ್ ಸಿಗುತ್ತದೆ, ಕಾಮಾಕ್ಷಿಪಾಳ್ಯ ದಾಟಿದ ಮೇಲೆ ಸುಂಕದಕಟ್ಟೆ. ಎರಡು ಹೆಸರುಗಳೂ ಹೇಳುವುದು ಒಂದೇ ಮಾತು: ಗಾಡಿ ನಿಲ್ಲಿಸು, ಸರಕಿನ ಲೆಕ್ಕ ಕೊಡು. ಇಂದು ಇಲ್ಲಿ ಲೇತ್ ಯಂತ್ರಗಳ ಸದ್ದು, ಪೀಣ್ಯದ ಕಡೆ ತಿರುಗುವ ಲಾರಿಗಳ ಸಾಲು. ಇದೇ ರಸ್ತೆ ಮಾಗಡಿ ಮುಟ್ಟಿ ಸಾವನದುರ್ಗದ ಬುಡಕ್ಕೆ ಹೋಗುತ್ತದೆ. ಸೈನ್ಯದ ಸರಬರಾಜಿನ ಕಥೆಯನ್ನು ನಾನು ಇಲ್ಲಿಂದ ಶುರುಮಾಡಲು ಆ ಬಂಡೆಯೇ ಕಾರಣ.

1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಗೆದ್ದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟು ಅರಕೆರೆಯ ಬಳಿ ಕಾಳಗವನ್ನೂ ಗೆದ್ದ. ಟಿಪ್ಪು ಸುಲ್ತಾನನ ರಾಜಧಾನಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಅವನು ಹಿಂದಿರುಗಿದ. ಅವನು ಬರುವ ದಾರಿಯಲ್ಲಿ ಮೇವು ಸಿಗದಂತೆ ಟಿಪ್ಪುವಿನ ಕಡೆಯವರು ನಾಡನ್ನು ಬರಿದು ಮಾಡಿದ್ದರು, ಮಳೆ ಹಿಡಿದುಕೊಂಡಿತ್ತು, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನ ಸೈನಿಕರು ತಮ್ಮ ಕೈಯಾರೆ ಒಡೆದುಹಾಕಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಅವನ ಮಿತ್ರರಾದ ಮರಾಠರ ದಂಡು ಎದುರಾಗಿ, ಅವರ ಬಜಾರಿನ ಧಾನ್ಯ ಸಿಕ್ಕಿದ್ದರಿಂದ ಹಸಿದ ಸೈನಿಕರು ಉಳಿದರು. ಕತ್ತಿ ಮಾಡದ ಕೆಲಸವನ್ನು ಹುಲ್ಲಿನ ಅಭಾವ ಮಾಡಿತ್ತು.

ಅವನು ಪಾಠ ಕಲಿತ. ಮುಂದಿನ ತಿಂಗಳುಗಳು ಕಳೆದದ್ದು ಎತ್ತು, ಧಾನ್ಯ ಮತ್ತು ದಾರಿಯ ಏರ್ಪಾಟಿನಲ್ಲಿ. ಎತ್ತುಗಳ ಹಿಂಡಿನ ಮೇಲೆ ಧಾನ್ಯ ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳನ್ನು ಜೊತೆಗೂಡಿಸಿಕೊಂಡ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವೆ ತನ್ನ ಸರಬರಾಜಿಗೆ ಅಡ್ಡ ಬರಬಹುದಾದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ. 1791ರ ಡಿಸೆಂಬರ್ 21ರಂದು ಸಾವನದುರ್ಗ ಬಿದ್ದಿತು, ಅದರ ಬೆನ್ನಿಗೆ ಹುತ್ರಿದುರ್ಗ. ಸಾವನದುರ್ಗ ಹತ್ತುವವರು ಅದನ್ನು ಬಂಡೆ ಎಂದಷ್ಟೇ ನೋಡುತ್ತಾರೆ. ಅಂದು ಅದು ಅಕ್ಕಿಯ ದಾರಿಗೆ ಹಾಕಿದ ಬೀಗವಾಗಿತ್ತು.

ಈ ವಿದ್ಯೆ ಮೈಸೂರಿಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಹೈದರ್ ಅಲಿ ಸೈನ್ಯದ ಬೆನ್ನೆಲುಬಾಗಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರು ಹಾಲು ಬೆಣ್ಣೆಯದಾದರೂ ಅದು ಸೈನ್ಯದ ಸಾರಿಗೆ ಇಲಾಖೆ. ಯಾವ ಕಾವಲಿನಲ್ಲಿ ಬೇಸಿಗೆಗೆ ಮೇಯಿಸಬೇಕು, ಯಾವುದನ್ನು ಮಳೆಗಾಲಕ್ಕೆ ಉಳಿಸಬೇಕು ಎಂಬುದಕ್ಕೆ ಲೆಕ್ಕವಿತ್ತು. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಬ್ರಿಟಿಷರು ಈ ಹಿಂಡುಗಳನ್ನೂ ವಶಪಡಿಸಿಕೊಂಡು ತಮ್ಮ ಸೈನ್ಯಕ್ಕೇ ಬಳಸಿಕೊಂಡರು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಆ ತಳಿಯನ್ನು ಇಂದಿಗೂ ಕಾಣಬಹುದು.

ಎತ್ತಿನ ಜಾಗಕ್ಕೆ ಲಾರಿ, ರೈಲು, ವಿಮಾನ ಬಂದಿವೆ. ಪ್ರಶ್ನೆ ಮಾತ್ರ ಹಳೆಯದೇ: ಬೇಕಾದದ್ದು ಬೇಕಾದ ಕಡೆ ಹೊತ್ತಿಗೆ ಸರಿಯಾಗಿ ಸೇರುವುದು ಹೇಗೆ? ಭಾರತೀಯ ಸೇನೆ ಈ ಹೊರೆಯನ್ನು ಮುಖ್ಯವಾಗಿ ಮೂರು ಕೋರ್‌ಗಳಿಗೆ ಹಂಚಿದೆ. ಊಟ, ಇಂಧನ, ಸಾಗಣೆ ಆರ್ಮಿ ಸರ್ವಿಸ್ ಕೋರ್‌ನದು, ಅಂದರೆ ಎಎಸ್‌ಸಿಯದು. ಮದ್ದುಗುಂಡು, ಬಟ್ಟೆಬರೆ, ಬಿಡಿಭಾಗ ಆರ್ಡ್‌ನೆನ್ಸ್ ಕೋರ್‌ನದು. ಕೆಟ್ಟದ್ದನ್ನು ರಿಪೇರಿ ಮಾಡುವುದು ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ಕೋರ್.

ಇನ್ನು ಸಾಗಣೆಯ ಕ್ರಮ. ಪ್ರತಿ ಪಲ್ಟನ್ನಿನಲ್ಲಿ ಕ್ವಾರ್ಟರ್ ಮಾಸ್ಟರ್ ಇರುತ್ತಾನೆ, ಮನೆಯ ಉಗ್ರಾಣದ ಕೀಲಿ ಹಿಡಿದ ಹಿರಿಯಳಂತೆ. ಪಲ್ಟನ್ ತನ್ನ ಜೊತೆಗೇ ಹೊತ್ತೊಯ್ಯುವುದು ಮೊದಲ ಸಾಲು. ಅದು ಕರಗಿದಂತೆ ತುಂಬುವುದು ಡಿವಿಜನ್ನಿನ ಲಾರಿಗಳು, ಅದು ಎರಡನೆಯ ಸಾಲು. ಅದರ ಹಿಂದೆ, ಹಲವು ಡಿವಿಜನ್‌ಗಳು ಸೇರಿದ ದಂಡಿನ ಅರ್ಥದ ಕೋರ್ ಮಟ್ಟದ ದಾಸ್ತಾನು, ಅದಕ್ಕೂ ಹಿಂದೆ ರೈಲು ನಿಲ್ಲುವ ದೊಡ್ಡ ಡಿಪೊಗಳು. ಮುಂಚೂಣಿಯ ಜವಾನ ತನ್ನ ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ತಟ್ಟೆ ಹಿಡಿದಾಗ ಅದರ ಹಿಂದೆ ಇಷ್ಟೂ ಕೈಗಳಿರುತ್ತವೆ. ಒಂದು ಡಿವಿಜನ್ ಅಂದರೆ ಹದಿನೈದು ಸಾವಿರಕ್ಕೂ ಮಿಗಿಲಾದ ಜನ. ನಮ್ಮಲ್ಲಿ ಒಂದು ಮದುವೆಯ ಊಟಕ್ಕೇ ಎಷ್ಟು ಓಡಾಟವೆಂಬುದನ್ನು ನೆನೆದರೆ ದಿನವೂ ನಡೆಯುವ ಈ ಕೆಲಸದ ಗಾತ್ರ ತಿಳಿಯುತ್ತದೆ.

ಲಡಾಖ್‌ನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಹಿಮ ಬಿದ್ದು ಝೋಜಿಲಾ ಮುಚ್ಚುವ ಮೊದಲೇ ಚಳಿಗಾಲದ ಅಕ್ಕಿ, ಬೇಳೆ, ಸೀಮೆಎಣ್ಣೆ, ಡೀಸೆಲ್ ಎಲ್ಲವನ್ನೂ ಬೇಸಿಗೆಯಲ್ಲೇ ಮೇಲೆ ಸಾಗಿಸಬೇಕು. ಲಾರಿ ನಿಂತ ಕಡೆಯಿಂದ ಹೇಸರಗತ್ತೆ, ಅದೂ ಹತ್ತದ ಕಡೆಗೆ ಹೆಲಿಕಾಪ್ಟರ್. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಸಿಲುಕಿದ ಸಿಯಾಚಿನ್ ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿತ್ತು. ಅಂಥ ಠಾಣೆಗಳಿಗೆ ಸೀಮೆಎಣ್ಣೆಯ ಡಬ್ಬಿಯೊಂದನ್ನು ಮುಟ್ಟಿಸುವುದೂ ಜೀವ ಪಣಕ್ಕಿಡುವ ಕೆಲಸ. ಆ ಎತ್ತರದಲ್ಲಿ ಹಾರುವ ಚೀತಾ, ಧ್ರುವ್ ಹೆಲಿಕಾಪ್ಟರ್‌ಗಳನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್.

ಊಟದ ಪೊಟ್ಟಣದ ಹಿಂದೆಯೂ ಕರ್ನಾಟಕವಿದೆ. ಮೈಸೂರಿನಲ್ಲಿ 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ, ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಬಿಸಿ ಮಾಡಿದರೆ ಸಾಕೆನ್ನುವ ಪಲಾವ್, ಉಪ್ಪಿಟ್ಟುಗಳನ್ನೂ ಸೈನಿಕರಿಗಾಗಿ ರೂಪಿಸಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸು ತಯಾರಾದದ್ದೂ ಅಲ್ಲಿಯೇ.

ಇನ್ನು ಹೇಸರಗತ್ತೆಗಳ ಮಾತು. 1962ರಲ್ಲಿ ಸೇನೆ ಸೇರಿದ, ಗೊರಸಿನ ಮೇಲೆ 15328 ಎಂಬ ಸಂಖ್ಯೆಯಿದ್ದ ಪೆಡೊಂಗಿ ಎಂಬ ಹೇಸರಗತ್ತೆ 1971ರ ಯುದ್ಧದಲ್ಲಿ ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿತು. ಅವರು ಹೇರಿದ ಹೊರೆಯ ಸಮೇತ ತಪ್ಪಿಸಿಕೊಂಡು ನಮ್ಮ ಠಾಣೆಗೆ ನಡೆದುಬಂತು. 1998ರಲ್ಲಿ ತೀರಿಕೊಳ್ಳುವವರೆಗೂ ಸೇನೆ ಅದನ್ನು ಗೌರವದಿಂದ ಸಾಕಿತು. ಹೊರೆ ಹೊತ್ತವರನ್ನು ಮರೆಯದ ಈ ಗುಣವನ್ನು ನಾನು ಬಹಳ ಮೆಚ್ಚುತ್ತೇನೆ.

ಎಎಸ್‌ಸಿಯ ತರಬೇತಿ ಕೇಂದ್ರ ಮತ್ತು ಕಾಲೇಜು ಇರುವುದು ಬೆಂಗಳೂರಿನಲ್ಲಿ. ಅಗರಂ ಕಡೆ ಓಡಾಡುವವರಿಗೆ ಅದರ ಉದ್ದನೆಯ ಗೋಡೆ ಗೊತ್ತು. 1999ರಲ್ಲಿ ಕಾಲೇಜು ಬರೇಲಿಯಿಂದ ಇಲ್ಲಿಗೆ ಬಂತು. ಲೆಕ್ಕ ಬರೆಯುವವರು, ಅಡುಗೆಯವರು, ಚಾಲಕರು, ಇಂಧನ ಕಾಯುವವರು ಇಲ್ಲಿ ಸೈನಿಕರಾಗುತ್ತಾರೆ. ಮೊದಲು ಬಂದೂಕು ಕಲಿಯುತ್ತಾರೆ, ಆಮೇಲೆ ತಮ್ಮ ಕಸುಬು. 2017ರ ನವೆಂಬರ್‌ನಲ್ಲಿ ಯಲಹಂಕದಲ್ಲಿ ಒಂದೇ ಮೋಟರ್‌ಸೈಕಲ್ ಮೇಲೆ 58 ಜನ ಸಾಗಿ ವಿಶ್ವದಾಖಲೆ ಮಾಡಿದ ಟಾರ್ನೇಡೋಸ್ ತಂಡ ಇವರದೇ. ಆ ಸಾಹಸ ಪತ್ರಿಕೆಗಳಲ್ಲಿ ಬಂತು. ಹಿಮದ ರಸ್ತೆಯಲ್ಲಿ ಡೀಸೆಲ್ ಟ್ಯಾಂಕರ್ ನಡೆಸಿದವನ ಸಾಹಸ ಸಾಮಾನ್ಯವಾಗಿ ಅವನ ಮನೆಯವರಿಗೂ ಪೂರ್ತಿ ತಿಳಿದಿರುವುದಿಲ್ಲ.

ಡಿಸೆಂಬರ್ 8 ಎಎಸ್‌ಸಿಯ ಕೋರ್ ದಿನ. ನಿಮ್ಮ ಬೀದಿಯಲ್ಲಿ ಸೇನೆಯ ಲಾರಿ ಓಡಿಸಿದವರು, ಲಂಗರಿನಲ್ಲಿ ಬೇಯಿಸಿದವರು, ಉಗ್ರಾಣ ಕಾದವರು ಯಾರಾದರೂ ಇದ್ದರೆ, ಈ ಬಾರಿ ಅವರ ಮನೆಗೆ ಹೋಗಿ. ಯಾವ ದಾರಿಯಲ್ಲಿ, ಯಾವ ಹೊರೆ ಹೊತ್ತು, ಎಷ್ಟು ರಾತ್ರಿ ಹೋದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.